ಬೆಕ್ಕಿನ ಮನಶ್ಶಾಸ್ತ್ರ

ಕಿರಾಣಿ ಅಂಗಡಿಯ ಬೆಕ್ಕು ಇಲಿಗಳ ಮನಸ್ಸನ್ನು ಅಭ್ಯಾಸ ಮಾಡಿ ಪಂಡಿತೆ ಎನಿಸಿಕೊಂಡಿತು. ತಕ್ಕಡಿಗೆ ಇದು ಹಿಡಿಸಲಿಲ್ಲ.

"ತೂಕಕ್ಕೆ ಸಿಗದ ಮನಸ್ಸಿನ ಮೇಲೆ ವಿಜ್ಞಾನ ಹೇಗೆ ಕಟ್ಟುತ್ತೀಯೆ?" ಎಂದು ಕೇಳಿತು.

"ನಲವತ್ತು ಇಲಿಗಳನ್ನು ಹಿಡಿದು, ನನ್ನನ್ನು ಕಂಡರೆ ಭಯವೇ ಎಂದು ಕೇಳಿದೆ. ಅಷ್ಟೂ ಇಲಿಗಳು ಇಲ್ಲವೆಂದವು. ಇನ್ನೇನು ಪುರಾವೆ ಬೇಕು?" ಎಂದಿತು ಬೆಕ್ಕು.

"ಕೇಳುವಾಗ ನಿನ್ನ ಪಂಜ ಎಲ್ಲಿತ್ತು?"

"ಅವುಗಳ ಕುತ್ತಿಗೆಯ ಮೇಲೆ."

ಬೆಕ್ಕು ಗೋಡೆಯ ಬಿಲದ ಬಳಿ ಕುಳಿತು ಒಳಗಿದ್ದ ಮುದಿ ಇಲಿಯನ್ನು ಕರೆಯಿತು. "ಹೊರಗೆ ಬನ್ನಿ ಅಜ್ಜ, ನೀವೂ ಉತ್ತರ ಕೊಡಿ."

"ನನಗೂ ಭಯವಿಲ್ಲ ತಾಯಿ, ಹಾಗೇ ಬರೆದುಕೋ" ಎನ್ನುತ್ತಾ ಇಲಿ ಒಳಗಿನಿಂದಲೇ ಬಿಲದ ಬಾಯಿಗೆ ಮಣ್ಣು ಮೆತ್ತತೊಡಗಿತು.

ಬೆಕ್ಕು ನಲವತ್ತೊಂದು ಎಂದು ಬರೆದುಕೊಂಡಿತು.