ಬಾಲ ಕತ್ತರಿಸಿದ ಮೀನು

"ಗುರುಗಳೇ, ಬಂದವರಿಗೆ ಕೊಡುವುದು ಧರ್ಮ. ಕೊಟ್ಟೂ ಕೊಟ್ಟೂ ಮನೆ ಕೆಡುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳಿಗೆ ಇಂಥ ಪ್ರಶ್ನೆ ಎಂದರೆ ಹಬ್ಬದೂಟ. ಕಾಲು ಮಡಚಿ ಸರಿಯಾಗಿ ಕುಳಿತರು. "ಮೊದಲು ನೀನೊಂದು ಊಹಿಸು ನೋಡೋಣ. ಒಬ್ಬ ಮೀನುಗಾರ ತಾಯಿಗೆಂದು ಅಂಜಲ್ ಮೀನು ತಂದ. ತಾಯಿ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು. ಏನಾಗಿರಬೇಕು?"

"ಕೆಟ್ಟಿರಬೇಕು."

"ಬೆಳಗಿನ ಮೀನಪ್ಪಾ. ಮುದುಕಿಗೆ ಆಸೆಯೂ ಇತ್ತು. ಕೇಳು."

ಕಡಲ ನಡುವೆ ಒಂದು ದ್ವೀಪವಿತ್ತು. ಅಲ್ಲಿಗೆ ನೆಂಟರು ಬರುವುದೇ ಅಪರೂಪ. ಹಾಗಾಗಿ ಬಂದವರಿಗೆ ಆದರ ಹೆಚ್ಚು. ಬಲೆಗೆ ಬಿದ್ದ ಮೊದಲ ಮೀನು ನೆಂಟರದು. ಅಡುಗೆಮನೆಯಲ್ಲಿ ಅದಲುಬದಲಾಗದಿರಲಿ ಎಂದು ದೋಣಿಯಲ್ಲೇ ಅದರ ಬಾಲದ ತುದಿ ಕತ್ತರಿಸುತ್ತಿದ್ದರು. ವರ್ಷದಲ್ಲಿ ನೂಲುಹುಣ್ಣಿಮೆಯ ದಿನ ಮಾತ್ರ, ಕಡಲಿಗೆ ಕಾಯಿ ಒಪ್ಪಿಸಿ ಹಿಡಿದ ಮೊದಲ ಮೀನು ಮನೆಯ ಹಿರಿಯರದು. ಅಂದು ಅರಸನೇ ಬಂದು ಕುಳಿತರೂ ಬಾಲಕ್ಕೆ ಕತ್ತಿ ತಾಗಿಸುವಂತಿಲ್ಲ.

ಬರಬರುತ್ತ ದ್ವೀಪದ ಚೆಲುವು ಲೋಕಕ್ಕೆ ಗೊತ್ತಾಯಿತು. ಲಾಂಚು ಬಂತು, ಲಾಂಚಿನ ತುಂಬ ಪ್ರವಾಸಿಗಳು ಬಂದರು. ದಂಡೆಯ ಮೇಲೆ ವಸತಿಗೃಹ ಎದ್ದಿತು. ಕೆಟ್ಟದಾಯಿತು ಎನ್ನಬೇಡ. ಮೀನುಗಾರನ ಹೆಂಡತಿಯ ಹಳೆಯ ಕೆಮ್ಮಿಗೆ ವೈದ್ಯರು ಸಿಕ್ಕಿದ್ದು ಆ ಲಾಂಚಿನಿಂದಲೇ. ಸೋರುವ ಮಾಡಿಗೆ ಹೆಂಚು ಬಂದದ್ದೂ ಅದರಿಂದಲೇ. ಅವನು ಹಿಗ್ಗಿದ. ನೆಂಟರು ದಿನವೂ ಬಂದರು, ದಿನವೂ ಮೊದಲ ಮೀನಿನ ಬಾಲ ಕತ್ತರಿಸಿದ. ನೆಂಟರು ಹೆಚ್ಚಿದರು, ಎರಡನೆಯದಕ್ಕೂ ಕತ್ತರಿಸಿದ. ಕೊನೆಗೆ ಬಲೆಯ ಮೀನೆಲ್ಲ ಮೊದಲ ಮೀನೇ ಆಯಿತು. ಮನೆಯವರು ಲಾಂಚಿನಲ್ಲಿ ಬಂದ ಡಬ್ಬಿ ಮೀನು ತಿಂದರು.

ತಾಯಿಗೆ ಕಣ್ಣು ಹೋಗಿತ್ತು. ಹಾಸಿಗೆ ಹಿಡಿದಿದ್ದಳು. ಒಂದು ದಿನ ಮಗನನ್ನು ಕರೆದು, "ಆ ಡಬ್ಬಿಯದು ಸಾಕು ಮಾರಾಯ, ಅದಕ್ಕೆ ಕಡಲೇ ಗೊತ್ತಿಲ್ಲ. ಇವತ್ತಾದರೂ ನನ್ನ ಪಾಲಿನ ಮೀನು ತಾ. ಬರುವ ವರ್ಷಕ್ಕೆ ನಾನಿರುವುದಿಲ್ಲ" ಎಂದಳು.

ಅವನು ವಸತಿಗೃಹಕ್ಕೆ ಓಡಿದ. ಬೆಳಿಗ್ಗೆ ತಾನೇ ಕೊಟ್ಟಿದ್ದರಲ್ಲಿ ಒಂದು ಮೀನು ಉಳಿದಿತ್ತು. ಅಡುಗೆಯವ ಒಳ್ಳೆಯವನು. "ನೀವು ಹಿಡಿದ ಮೀನಿಗೆ ನೀವೇ ಕೈಚಾಚುವುದೇ ಅಣ್ಣ? ತಗೊಳ್ಳಿ. ಇವತ್ತು ಒಬ್ಬ ನೆಂಟ ಹೆಚ್ಚು ಬಂದ ಎಂದುಕೊಳ್ಳುತ್ತೇನೆ" ಎಂದ.

ಮೀನುಗಾರ ಅದನ್ನು ಎದೆಗೊತ್ತಿಕೊಂಡು ಮನೆಗೆ ಬಂದ.

ತಾಯಿ ಮೀನನ್ನು ಮಡಿಲಲ್ಲಿಟ್ಟುಕೊಂಡು ತಲೆಯಿಂದ ಸವರುತ್ತ ಬಂದಳು. ಮುಖ ಅರಳಿತ್ತು. ಬೆರಳು ಬಾಲಕ್ಕೆ ತಾಗಿತು. ಅಲ್ಲೇ ನಿಂತಿತು.

"ಇದು ನೆಂಟರದಲ್ಲವೇನೋ?" ಎಂದು ಪಕ್ಕಕ್ಕಿಟ್ಟಳು. "ಪಾಪ, ಯಾರು ಹಸಿದು ಕಾಯುತ್ತಿದ್ದಾರೋ. ಕೊಟ್ಟು ಬಾ. ಬರುವಾಗ ನಮ್ಮದನ್ನು ತಾ."

ಮೀನುಗಾರ ಮೀನು ಹಿಡಿದು ಬಾಗಿಲಿಗೆ ಬಂದ. ಎತ್ತ ಹೋಗುವುದೆಂದು ತಿಳಿಯದೆ ಹೊಸ್ತಿಲ ಮೇಲೆಯೇ ನಿಂತ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ದಿನವೂ ಕತ್ತರಿಸುವ ಕೈ, ಅಂದೂ ಕತ್ತರಿಸಿತು. ಅದರಲ್ಲಿ ಅವನ ತಪ್ಪೇನು ಗುರುಗಳೇ?"

"ತಪ್ಪೆಂದು ನಾನೆಲ್ಲಿ ಹೇಳಿದೆ ಮಗೂ? ಅಂದು ನೂಲುಹುಣ್ಣಿಮೆ, ಅಷ್ಟೇ."