ನಿಂತೂ ನಿಲ್ಲದ ಲಾರಿ

ಒಂದು ಕಾಡಿನಲ್ಲಿ ಒಂದು ಲಾರಿ ಇತ್ತು. ಕಾಡಿಗೆ ಲಾರಿ ಹೇಗೆ ಬಂತು ಎಂದು ಕೇಳಬೇಡಿ. ನರಿ ಮಾತಾಡಿತು ಎಂದರೆ ತಲೆಯಾಡಿಸುವವರು, ನರಿ ಲಾರಿ ಓಡಿಸಿತು ಎಂದರೆ ಹುಬ್ಬು ಗಂಟಿಕ್ಕುವುದು ನ್ಯಾಯವಲ್ಲ. ಲಾರಿ ಇತ್ತು. ಅದರ ಡ್ರೈವರ್ ಜಂಬಣ್ಣ ಎಂಬ ನರಿ. ಅವನ ಮೀಸೆ ಎಷ್ಟು ಉದ್ದವಿತ್ತೆಂದರೆ, ಎಡಗಡೆಯದು ಎಡಕಿಟಕಿಯಿಂದ, ಬಲಗಡೆಯದು ಬಲಕಿಟಕಿಯಿಂದ ಆಚೆ ಬಂದಿರುತ್ತಿತ್ತು. ತಿರುವು ಬಂದಾಗ ಅವನು ಕೈ ತೋರಿಸುತ್ತಿರಲಿಲ್ಲ. ಆ ಕಡೆಯ ಮೀಸೆ ಅಲ್ಲಾಡಿಸುತ್ತಿದ್ದ.

ಅದೇ ಕಾಡಿನ ದೊಡ್ಡ ಆಲದ ಮರದಲ್ಲಿ ಒಂದು ಶಾಲೆ ಇತ್ತು. ಗೊರವಂಕದ ಮರಿಗಳಿಗೆ ಮಾತು ಕಲಿಸುವ ಶಾಲೆ. ಅಲ್ಲಿಯ ಟೀಚರು ಚೆನ್ನಾಜಮ್ಮ ಎಂಬ ಗೊರವಂಕ. ಅವಳ ದನಿ ಅಂಥಿಂಥದ್ದಲ್ಲ. ಅವಳು ಇಲ್ಲಿ 'ಆ' ಎಂದರೆ ಹೊಳೆಯಾಚೆ ಮಲಗಿದ್ದ ಮೊಸಳೆ ನಿದ್ದೆಯಲ್ಲೇ ಬಾಯಿ ತೆರೆಯುತ್ತಿತ್ತು.

ಅವಳ ಶಾಲೆಯಲ್ಲಿ ಮೊದಲ ಪಾಠ ಒಂದೇ: "ಅಮ್ಮಾ, ಗಿಡುಗ ಬಂತು." ಈ ಮಾತು ತೊದಲದೆ ಬರುವ ತನಕ ಯಾವ ಮರಿಗೂ ಹಾರಲು ಅಪ್ಪಣೆ ಇರಲಿಲ್ಲ. ರೆಕ್ಕೆ ಬಲಿತರೂ ಸರಿ, ಪುಕ್ಕ ಮಿಂಚಿದರೂ ಸರಿ. ಮಾತು ಬಂದ ಮೇಲೆ ಆಕಾಶ. ಆ ವರ್ಷದ ಮರಿಗಳ ರೆಕ್ಕೆ ಆಗಲೇ ಬಲಿತಿತ್ತು.

ಅಷ್ಟರಲ್ಲಿ ಜಂಬಣ್ಣ ಆಲದ ನೆರಳನ್ನು ಕಂಡುಕೊಂಡ. ಗುಡ್ಡದ ಮೇಲಿಂದ ಕೋತಿಗಳು ಹಲಸಿನಹಣ್ಣು ಹೊತ್ತು ತಂದು ಲಾರಿಗೆ ಹೇರಬೇಕಿತ್ತು. ಅವು ಒಂದು ಹಣ್ಣು ತರುವಷ್ಟರಲ್ಲಿ ದಾರಿಯಲ್ಲಿ ಒಂದು ಹಣ್ಣು ತಿನ್ನುತ್ತಿದ್ದವು. ಹಾಗಾಗಿ ಲಾರಿ ಬೆಳಗಿನಿಂದ ಸಂಜೆಯ ತನಕ ಶಾಲೆಯ ಮುಂದೆಯೇ ಕಾಯುತ್ತಿತ್ತು. ಕಾಯುವಷ್ಟು ಹೊತ್ತೂ ಇಂಜಿನ್ ಆನ್. ಗುಡುಗುಡು, ಗುಡುಗುಡು.

ಚೆನ್ನಾಜಮ್ಮ ಹಾರಿಬಂದು ಲಾರಿಯ ಕಿಟಕಿಯಲ್ಲಿ ಕೂತಳು.

"ಜಂಬಣ್ಣ, ಸ್ವಲ್ಪ ಆಫ್ ಮಾಡಪ್ಪ. ಮಕ್ಕಳಿಗೆ ಪಾಠ ಕೇಳಿಸ್ತಿಲ್ಲ."

"ಏನು?"

"ಆಫ್ ಮಾಡು."

"ಏನಂದ್ರಿ?"

"ಇಂಜಿನ್ ಆಫ್ ಮಾಡು ಅಂದೆ."

"ಟೀಚರಮ್ಮ, ಸ್ವಲ್ಪ ಜೋರಾಗಿ ಹೇಳಿ. ಇಂಜಿನ್ ಸದ್ದಿಗೆ ಏನೂ ಕೇಳಿಸ್ತಿಲ್ಲ."

ಅವಳು ಮೊಸಳೆಯ ಬಾಯಿ ತೆರೆಸುವ ದನಿಯಲ್ಲೇ ಇನ್ನೊಮ್ಮೆ ಹೇಳಿದಳು. ಈ ಸಲ ಜಂಬಣ್ಣನಿಗೆ ಕೇಳಿಸಿತು. "ಆಫಾ? ಜಂಬಣ್ಣನ ಇಂಜಿನ್ ಆಫ್ ಆಗೋದಾ? ಅದು ಸೂರ್ಯ ಇದ್ದ ಹಾಗೆ ಕಣಮ್ಮ. ಒಂದು ಸಲ ಹತ್ತಿತು ಅಂದ್ರೆ ಹತ್ತಿತು," ಎಂದು ಮೀಸೆ ತೀಡಿದ.

ಒಂದು ದಿನ ಚೆನ್ನಾಜಮ್ಮ ಪಾಠ ಒಪ್ಪಿಸಲು ಹೇಳಿದಳು. ಎಲ್ಲರಿಗಿಂತ ಚಿಕ್ಕ ಮರಿ ಗುಟುಕಿ ಎದ್ದು ನಿಂತಿತು. ಎದೆಯುಬ್ಬಿಸಿತು. ಕೊಕ್ಕು ತೆರೆಯಿತು.

"ಗುಡುಗುಡುಗುಡುಗುಡು, ಢಸ್."

ಉಳಿದ ಮರಿಗಳೂ ಅದನ್ನೇ ಒಪ್ಪಿಸಿದವು. ಒಂದು ಮರಿ ಮೊದಲ ಗೇರಿನಲ್ಲಿ, ಇನ್ನೊಂದು ಎರಡನೆಯದರಲ್ಲಿ. ಪಾಪ, ತಪ್ಪು ಅವುಗಳದ್ದಲ್ಲ. ಗೊರವಂಕದ ಮರಿ ಕಿವಿಗೆ ಬಿದ್ದದ್ದನ್ನು ಕಲಿಯುತ್ತದೆ. ಅವುಗಳ ಕಿವಿಗೆ ಬೇರೆ ಏನೂ ಬಿದ್ದಿರಲಿಲ್ಲ.

ತಾಯಂದಿರು ಶಾಲೆಗೆ ಬಂದರು. "ಹಸಿವಾ ಅಂದ್ರೆ ಗುಡುಗುಡು. ನೀರು ಬೇಕಾ ಅಂದ್ರೆ ಗುಡುಗುಡು. ನಿನ್ನೆ ಬೈದದ್ದಕ್ಕೆ ಹಾರ್ನ್ ಹೊಡೀತು, ಟೀಚರ್. ಇವನ್ನ ಹೇಗೆ ಹಾರೋಕೆ ಬಿಡೋದು? ಗಿಡುಗ ಬಂದಾಗ ಗುಡುಗುಡು ಅಂದ್ರೆ ನಮಗೇನು ತಿಳಿಯುತ್ತೆ?"

ಚೆನ್ನಾಜಮ್ಮ ನೇರ ಆನೆ ದೊಡ್ಡಮ್ಮನ ಬಳಿಗೆ ಹೋದಳು. ಕಾಡಿನ ನ್ಯಾಯ ಹೇಳುವವಳು ದೊಡ್ಡಮ್ಮ. ಪಂಚಾಯಿತಿ ಸೇರಿತು. ಆಲದ ಎದುರು ಮನೆಯ ಮೊಲ ಮೊದಲು ಮಾತಾಡಿತು. "ರಾತ್ರಿ ಹಾಲಿಗೆ ಹೆಪ್ಪು ಹಾಕಿಡ್ತೀನಿ, ದೊಡ್ಡಮ್ಮ. ಬೆಳಿಗ್ಗೆ ಲಾರಿ ಬಂದು ಬಿಲ ನಡುಗಿಸಿದರೆ ಮಧ್ಯಾಹ್ನಕ್ಕೆ ಬೆಣ್ಣೆ ಬಂದಿರುತ್ತೆ. ಮೊಸರನ್ನದ ರುಚಿಯೇ ಮರೆತುಹೋಯ್ತು." ಬೆಳ್ಳಕ್ಕಿ ಎದ್ದು ಸುಮ್ಮನೆ ತನ್ನ ರೆಕ್ಕೆ ಬಿಚ್ಚಿ ತೋರಿಸಿತು. ಹೊಗೆಗೆ ಅದು ಎಷ್ಟು ಕಪ್ಪಾಗಿತ್ತೆಂದರೆ, ಕಾಗೆಗಳು ಅದಕ್ಕೆ ಹೆಣ್ಣು ಕೊಡಲು ಜಾತಕ ಕೇಳಿದ್ದವು.

ದೊಡ್ಡಮ್ಮ ಸೊಂಡಿಲೆತ್ತಿ ಕಟ್ಟಳೆ ಮಾಡಿದಳು: "ಶಾಲೆ ಮುಂದೆ, ಮನೆ ಮುಂದೆ ನಿಂತ ಲಾರಿಯ ಇಂಜಿನ್ ಆಫ್ ಇರಬೇಕು. ತಪ್ಪಿದರೆ ಲಾರಿಯನ್ನ ನಾನೇ ಎತ್ತಿ ಗುಡ್ಡದ ನೆತ್ತಿ ಮೇಲೆ ಇಡ್ತೀನಿ." ಮರಕುಟಿಗ ಕಾಡೆಲ್ಲ ಡಂಗುರ ಸಾರಿತು.

ಮಾರನೆಯ ದಿನ ಲಾರಿ ಬಂತು. ಆಲದ ಕೆಳಗೆ ಬಂದು ಒಂದು ಗೇಣು ಮುಂದೆ ಹೋಯಿತು. ಒಂದು ಗೇಣು ಹಿಂದೆ ಬಂತು. ಮತ್ತೆ ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ. ಗುಡುಗುಡು, ಗುಡುಗುಡು.

"ಏನಪ್ಪಾ ಇದು?" ಎಂದಳು ದೊಡ್ಡಮ್ಮ.

"ಕಟ್ಟಳೆ ಪಾಲಿಸ್ತಿದ್ದೀನಿ, ದೊಡ್ಡಮ್ಮ. ನಿಂತ ಲಾರಿ ಆಫ್ ಇರಬೇಕು ಅಂದ್ರಿ. ನನ್ನದು ನಿಂತೇ ಇಲ್ಲ. ಹೋಗ್ತಾ ಇದೆ, ಬರ್ತಾ ಇದೆ. ಜಂಬಣ್ಣನ ಲಾರಿ ಈ ಮರದ ಕೆಳಗೆ ನಿಂತಿದ್ದನ್ನ ಕಂಡವರಿದ್ರೆ, ಈ ಮೀಸೆ ಬೋಳಿಸ್ಕೋತೀನಿ. ಎಲ್ಲರೂ ಕೇಳಿಸ್ಕೊಳ್ಳಿ."

ಇಂಜಿನ್ ಸದ್ದಿಗೆ ಕೇಳಿಸದಿದ್ದವರಿಗೆ ಇನ್ನೊಂದು ಸಲ ಹೇಳಿದ.

ದೊಡ್ಡಮ್ಮ ಕಿವಿ ಬೀಸಿಕೊಂಡಳು. "ಆಡಿದ ಮಾತು ನನ್ನದೇ ಕಣೇ, ಚೆನ್ನಾಜಿ. ನಿಂತ ಲಾರಿ ಅಂತಲೇ ಅಂದೆ. ಅದು ನಿಲ್ಲೋದನ್ನ ಕಾದು ನೋಡು."

ಚೆನ್ನಾಜಮ್ಮ ಕಾದಳು. ಲಾರಿ ನಿಲ್ಲಲಿಲ್ಲ. ಜಂಬಣ್ಣ ತಿನ್ನುವಾಗಲೂ ಅವನ ಕಾಲು ಕ್ಲಚ್ಚು ಒತ್ತುತ್ತಿತ್ತು. ಗೊರಕೆ ಹೊಡೆಯುವಾಗಲೂ ಕೈ ಗೇರು ಬದಲಿಸುತ್ತಿತ್ತು. ತೊಂದರೆ ಆದದ್ದು ಕೋತಿಗಳಿಗೆ. ಹಣ್ಣು ಎಸೆಯುವಷ್ಟರಲ್ಲಿ ಲಾರಿ ಜರುಗಿರುತ್ತಿತ್ತು. ಒಂದು ಹಲಸು ಕೋತಿಗಳ ಮೇಸ್ತ್ರಿಯ ಕಾಲ ಮೇಲೆಯೇ ಬಿತ್ತು. "ನಿಲ್ಲಿಸೋ ಮಾರಾಯ, ಕರಡಿ ಮಗಳ ಮದುವೆ ಹಣ್ಣು ಇದು," ಎಂದು ಅವನು ಕುಂಟುತ್ತಾ ಬೇಡಿಕೊಂಡ. "ಓಡೋ ಲಾರಿಗೆ ಹೇರೋದು ಕಲಿ," ಎಂದ ಜಂಬಣ್ಣ.

ಮರಿಗಳು ಈಗ ರಿವರ್ಸ್ ಗೇರನ್ನೂ ಕಲಿತವು.

ಮದುವೆಯ ದಿನ ಬಂತು. ಗುಡ್ಡದಾಚೆ ಕರಡಿಯ ಮನೆಯಲ್ಲಿ ವಾಲಗ ಶುರುವಾಗಿತ್ತು. ಹಲಸಿನಹಣ್ಣು ಇನ್ನೂ ನೆಲದ ಮೇಲೆ ರಾಶಿ ಬಿದ್ದಿತ್ತು. ಜಂಬಣ್ಣ ಅದರಲ್ಲೇ ಒಂದನ್ನು ಒಡೆದು ಹೊಟ್ಟೆ ಬಿರಿಯ ತಿಂದು, ಟವೆಲನ್ನು ಮುಖಕ್ಕೆ ಹಾಕಿಕೊಂಡು ಸೀಟಿನಲ್ಲಿ ಒರಗಿದ್ದ. ಲಾರಿ ಮುಂದೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು.

ಇದ್ದಕ್ಕಿದ್ದ ಹಾಗೆ ಇಂಜಿನ್ ಎರಡು ಸಲ ಕೆಮ್ಮಿತು. ಸುಮ್ಮನಾಯಿತು.

ಡೀಸೆಲ್ ಖಾಲಿ. ಇದ್ದಲ್ಲೇ ಗುಡುಗುಟ್ಟಿಕೊಂಡು ಟ್ಯಾಂಕನ್ನೆಲ್ಲ ಕುಡಿದು ಮುಗಿಸಿತ್ತು.

ಚೆನ್ನಾಜಮ್ಮನಿಗೆ ಕುಣಿಯಬೇಕು ಅನ್ನಿಸಿತು. ಆದರೆ ಟವೆಲಿನ ಕೆಳಗೆ ಜಂಬಣ್ಣನ ಕಿವಿ ನಿಮಿರಿದ್ದನ್ನು ಅವಳು ಕಂಡಳು. ಸದ್ದು ನಿಂತದ್ದಕ್ಕೆ ಅವನಿಗೆ ಎಚ್ಚರವಾಗುತ್ತಿತ್ತು. ಎದ್ದರೆ ಏನಾದರೊಂದು ಕಥೆ ಕಟ್ಟುತ್ತಾನೆ, ಲಾರಿ ನಿಲ್ಲಲೇ ಇಲ್ಲ ಎಂದು ಸಾಧಿಸುತ್ತಾನೆ. ನೋಡಿದವಳು ತಾನೊಬ್ಬಳೇ. ಅವಳು ತಟ್ಟನೆ ಶಾಲೆಯ ಕಡೆ ತಿರುಗಿದಳು.

"ಮಕ್ಕಳೇ, ಪಾಠ ಒಪ್ಪಿಸಿ."

ಇಡೀ ಶಾಲೆ ಕೊಕ್ಕು ತೆರೆಯಿತು. ಗುಡುಗುಡು, ಗುಡುಗುಡು. ನಡುವೆ ಒಂದು ಢಸ್. ಲಾರಿ ಕಂಪನಿಯವರೇ ಬಂದು ಕೇಳಿದ್ದರೂ ಬಾನೆಟ್ ತೆರೆದು ನೋಡದೆ ವ್ಯತ್ಯಾಸ ಹೇಳಲಾಗುತ್ತಿರಲಿಲ್ಲ. ಜಂಬಣ್ಣನ ಕಿವಿ ಮಡಚಿಕೊಂಡಿತು. ತೊಟ್ಟಿಲಲ್ಲಿ ತೂಗಿದ ಮಗುವಿನಂತೆ ಅವನು ಮತ್ತೆ ನಿದ್ದೆಹೋದ. ಕಾಲು ಮಾತ್ರ ಕ್ಲಚ್ಚು ಒತ್ತುತ್ತಲೇ ಇತ್ತು.

ಚೆನ್ನಾಜಮ್ಮ ದೊಡ್ಡಮ್ಮನನ್ನು ಕರೆಯಲು ಹಾರಿದಳು. ಅವರು ಬರುವಷ್ಟರಲ್ಲಿ ಕೊಂಬೆಯಿಂದ ಒಂದು ಜೇಡ ಇಳಿದಿತ್ತು. ಬಹಳ ದಿನದ ಮೇಲೆ ಅಲುಗದ ಜಾಗವೊಂದು ಸಿಕ್ಕಿತು ಎಂದುಕೊಂಡು, ಲಾರಿಯ ಮುಂದಿನ ಚಕ್ರದಿಂದ ಹುಲ್ಲಿನ ತನಕ ಚೆಂದದ ಬಲೆ ನೇಯ್ದಿತ್ತು. ಮೊಲ ಬಂತು. ಬೆಳ್ಳಕ್ಕಿ ಬಂತು. ಹಣ್ಣು ಯಾಕೆ ಬರಲಿಲ್ಲವೆಂದು ಕೇಳಲು ಮದುವೆಮನೆಯ ಕರಡಿಗಳೂ ರೇಷ್ಮೆ ಪಂಚೆ ಉಟ್ಟೇ ಬಂದವು. ಎಲ್ಲರೂ ಲಾರಿಯ ಸುತ್ತ ನಿಂತರು. ಮೇಲೆ ಮರಿಗಳು ಇನ್ನೂ ಗುಡುಗುಟ್ಟುತ್ತಲೇ ಇದ್ದವು.

ದೊಡ್ಡಮ್ಮ ಸೊಂಡಿಲಿನಿಂದ ಟವೆಲು ಎಳೆದಳು. ಜಂಬಣ್ಣ ಕಣ್ಣುಜ್ಜಿಕೊಂಡು ಎದ್ದ. ಅಷ್ಟು ಜನರನ್ನು ನೋಡಿ ಅವನಿಗೆ ಖುಷಿಯೇ ಆಯಿತು.

"ನೋಡೋಕೆ ಬಂದ್ರಾ? ನೋಡಿ, ನೋಡಿ. ಹೋಗ್ತಾ ಇದೆ."

"ಹೋಗ್ತಾ ಇದೆಯೇನಪ್ಪಾ?" ಎಂದಳು ದೊಡ್ಡಮ್ಮ.

"ಕೇಳಿಸ್ತಿಲ್ವಾ? ಈಗ ಮುಂದೆ ಹೋಯ್ತು." ಅವನು ಗೇರು ಬದಲಿಸಿದ. ಮೇಲಿಂದ ಮರಿಗಳು ರಿವರ್ಸಿನ ಸದ್ದು ಮಾಡಿದವು. "ಈಗ ಹಿಂದೆ ಬಂತು. ನನ್ನ ಸೀಟೇ ಅಲುಗಾಡ್ತಿದೆ."

"ಅದು ನಿನ್ನ ಹೊಟ್ಟೆ," ಎಂದ ಕೋತಿ ಮೇಸ್ತ್ರಿ.

ಚೆನ್ನಾಜಮ್ಮ ಕೊಂಬೆಯ ಮೇಲಿಂದ ಹೇಳಿದಳು: "ಮಕ್ಕಳೇ, ಸಾಕು."

ಮರಿಗಳು ಸುಮ್ಮನಾದವು.

ಆಗ ಕಾಡು ಕೇಳಿಸಿತು. ಹೊಳೆಯ ನೀರು ಕಲ್ಲಿಗೆ ತಾಗುವುದು ಕೇಳಿಸಿತು. ಆಲದ ಹಣ್ಣೊಂದು ಉದುರಿದ್ದು ಕೇಳಿಸಿತು. ಗುಡ್ಡದಾಚೆಯ ವಾಲಗ ಕೇಳಿಸಿತು. ಮೊಲಕ್ಕೆ ತನ್ನ ಬಿಲದೊಳಗೆ ಮೊಸರು ಹೆಪ್ಪುಗಟ್ಟುವ ಸದ್ದೂ ಕೇಳಿಸಿತಂತೆ. ಜಂಬಣ್ಣ ಮಾತ್ರ ಗೇರು ಹಿಡಿದುಕೊಂಡು ಮುಂದೆ ನೋಡಿದ, ಹಿಂದೆ ನೋಡಿದ, ಕಡೆಗೆ ಕೆಳಗೆ ನೋಡಿದ. ಚಕ್ರದ ಬಲೆಯಲ್ಲಿ ಜೇಡ ಆರಾಮವಾಗಿ ಕೂತಿತ್ತು.

ಆ ಮೌನದಲ್ಲಿ ಒಂದು ಸಣ್ಣ ದನಿ ಬಂತು. ಗುಟುಕಿಯದು. ಸ್ಪಷ್ಟವಾಗಿ, ಒಂದಕ್ಷರವೂ ತೊದಲದೆ.

"ಟೀಚರ್, ಲಾರಿ ನಿಂತಿದೆ."

ಚೆನ್ನಾಜಮ್ಮ ರೆಕ್ಕೆಯಿಂದ ಕಣ್ಣೊರೆಸಿಕೊಂಡಳು. ಅವಳ ಶಾಲೆಯಲ್ಲಿ ಆ ವರ್ಷ ಹುಟ್ಟಿದ ಮೊದಲ ಮಾತು ಅದು.

ಜಂಬಣ್ಣ ಗಾಬರಿಯಾದ. "ದೊಡ್ಡಮ್ಮ, ಗುಡ್ಡದ ಮೇಲಿಡಬೇಡಿ. ಇಂಜಿನ್ ಆಫ್ ಆಗಿದೆ. ಬೇಕಾದ್ರೆ ಮುಟ್ಟಿ ನೋಡಿ, ತಣ್ಣಗಿದೆ."

"ಯಾಕಪ್ಪಾ ಇಡ್ತೀನಿ? ಶಾಲೆ ಮುಂದೆ ಇಂಜಿನ್ ಆಫ್ ಮಾಡಿ ನಿಂತಿದ್ದೀಯ. ನನ್ನ ಕಟ್ಟಳೆ ಪಾಲಿಸಿದ ಮೊದಲನೇ ಡ್ರೈವರ್ ನೀನೇ. ಎಲ್ಲರೂ ಚಪ್ಪಾಳೆ ತಟ್ಟಿ." ಎಲ್ಲರೂ ತಟ್ಟಿದರು. "ಇನ್ನು ಆ ಮೀಸೆ ವಿಷಯ. ಅದು ನನ್ನ ಕಟ್ಟಳೆ ಅಲ್ಲ, ನಿನ್ನದು."

ಹೊಳೆಯ ಏಡಿ ಕತ್ತರಿ ಹಿಡಿದೇ ಬಂದಿತ್ತು. ಏಡಿ ಕತ್ತರಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಎಡಗಡೆ ಚಕ್, ಬಲಗಡೆ ಚಕ್. ಎರಡೂ ಮೀಸೆ ಸೇರಿ ಒಂದು ಪೊರಕೆಯಷ್ಟಾಯಿತು. ಮೊಲ ಅದನ್ನು ಬಿಲ ಗುಡಿಸಲು ತೆಗೆದುಕೊಂಡು ಹೋಯಿತು.

ಲಾರಿ ನಿಂತಿದ್ದರಿಂದ ಕೋತಿಗಳು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಹಣ್ಣು ಹೇರಿ ಮುಗಿಸಿದವು. "ಹೂಂ, ಹೊರಡು," ಎಂದವು ಕರಡಿಗಳು. ಜಂಬಣ್ಣ ತಲೆ ತಗ್ಗಿಸಿದ. ದೊಡ್ಡಮ್ಮನ ಕಿವಿಯಲ್ಲಿ ಗುಟ್ಟಾಗಿ ಹೇಳಿದ: "ಡೀಸೆಲ್ ಇಲ್ಲ. ಇದ್ದರೂ ಸ್ಟಾರ್ಟ್ ಆಗಲ್ಲ. ಸೆಲ್ಫ್ ಹೋಗಿ ಎಷ್ಟೋ ಕಾಲ ಆಯ್ತು. ಆಫ್ ಮಾಡಿದ್ರೆ ಮತ್ತೆ ಯಾರನ್ನಾದ್ರೂ ತಳ್ಳಿ ಅಂತ ಕೇಳಬೇಕು. ಅದಕ್ಕೇ ಆಫ್ ಮಾಡ್ತಿರಲಿಲ್ಲ."

ಆನೆಯ ಕಿವಿ ಮೊರದಷ್ಟು. ಅಲ್ಲಿ ಹೇಳಿದ ಗುಟ್ಟು ಇಡೀ ಕಾಡಿಗೆ ಕೇಳಿಸಿತು.

"ಇಷ್ಟೇನಾ?" ಎಂದಳು ಚೆನ್ನಾಜಮ್ಮ. "ಮೊದಲೇ ಕೇಳಿದ್ದರೆ ದಿನಾ ನಾವೇ ತಳ್ಳಿಕೊಡ್ತಿದ್ವಲ್ಲೋ, ಜಂಬಣ್ಣ."

ಜಂಬಣ್ಣನಿಗೆ ತೀಡಲು ಮೀಸೆ ಇರಲಿಲ್ಲ. ಬರೀ ಮೂತಿ ಸವರಿಕೊಂಡ. "ಹಾಗಾದ್ರೆ... ಸ್ವಲ್ಪ ತಳ್ತೀರಾ, ಟೀಚರಮ್ಮ?"

ದೊಡ್ಡಮ್ಮ ಹಿಂದಿನಿಂದ ಹಣೆ ಕೊಟ್ಟಳು. ಕರಡಿಗಳು ಪಂಚೆ ಎತ್ತಿ ಕಟ್ಟಿದವು. ಐಸಾ ಎಂದರು, ಇನ್ನೊಮ್ಮೆ ಐಸಾ ಎಂದರು. ಜೇಡ ಬೈದುಕೊಂಡು ಇಳಿಯಿತು. ಲಾರಿ ಹೊರಟಿತು. ಅಷ್ಟರಲ್ಲಿ ಚೆನ್ನಾಜಮ್ಮ ಇಂಜಿನ್ ಸದ್ದಿಲ್ಲದ ಆ ಹೊತ್ತಿನಲ್ಲೇ ಪಾಠ ಹೇಳಿಕೊಟ್ಟು ಮುಗಿಸಿದ್ದಳು. ಮರಿಗಳು ಒಂದೊಂದಾಗಿ ಒಪ್ಪಿಸಿದವು. ತಾಯಂದಿರು ತಲೆಯಾಡಿಸಿದರು. ಆಲದ ಕೊಂಬೆಯಿಂದ ಮೊದಲ ಸಲ ಅಷ್ಟೂ ಮರಿಗಳು ಆಕಾಶಕ್ಕೆ ಹಾರಿದವು. ಹೊಗೆಯಿಲ್ಲದ ಲಾರಿ ಕೆಳಗೆ, ಅದರ ಇಂಜಿನ್ ಸದ್ದು ಮೇಲೆ ಮರಿಗಳ ಕೊಕ್ಕಿನಲ್ಲಿ: ಗುಡುಗುಡು, ಗುಡುಗುಡು.

ಗುಡ್ಡದ ತಿರುವಿನಲ್ಲಿ ಗುಟುಕಿ ಸದ್ದು ನಿಲ್ಲಿಸಿತು. "ಅಮ್ಮಾ, ಗಿಡುಗ ಬಂತು."

ಎಲ್ಲರಿಗೂ ಕೇಳಿಸಿತು. ಜೊತೆಗೆ ಹಾರುತ್ತಿದ್ದ ತಾಯಂದಿರು ರೆಕ್ಕೆ ಹರಡಿ ಮರಿಗಳನ್ನು ಲಾರಿಯ ಹಲಸಿನಹಣ್ಣಿನ ಸಂದಿಗೆ ಸೇರಿಸಿದರು. ಗಿಡುಗ ಕೆಳಗೆ ಎರಗಿತು. ಆಗ ಹಣ್ಣಿನ ಸಂದಿಯಿಂದ ಅಷ್ಟೂ ಮರಿಗಳು ಒಟ್ಟಿಗೆ ಲಾರಿಯ ಹಾರ್ನ್ ಹೊಡೆದವು. ಗಿಡುಗ ಗಾಳಿಯಲ್ಲೇ ಮೂರು ಪಲ್ಟಿ ಹೊಡೆದು ಓಡಿತು. ಅದು ಈಗಲೂ ಎಲ್ಲೋ ಓಡುತ್ತಲೇ ಇದೆ ಎಂದು ಕೇಳಿದ್ದೇವೆ.

ಅಂದಿನಿಂದ ಜಂಬಣ್ಣ ಆಲದ ಮರ ಕಣ್ಣಿಗೆ ಬಿದ್ದ ಕೂಡಲೇ ಇಂಜಿನ್ ಆಫ್ ಮಾಡುತ್ತಿದ್ದ. ಸಂಜೆ ಶಾಲೆ ಬಿಟ್ಟ ಮೇಲೆ ಎಲ್ಲರೂ ಸೇರಿ ತಳ್ಳುತ್ತಿದ್ದರು. ಮೀಸೆ ಮತ್ತೆ ಬೆಳೆಯಿತು, ಆದರೆ ಕಿಟಕಿಯಾಚೆ ಬರುವಷ್ಟಲ್ಲ.

ನೀತಿ: ಕಟ್ಟಳೆಯ ಮಾತಿನಲ್ಲಿ ಸಂದು ಹುಡುಕಿ ನೆರೆಯವರ ನೆಮ್ಮದಿ ಕೆಡಿಸುವವನು ಕಡೆಗೆ ತನ್ನ ಮಾತಿಗೇ ಸಿಕ್ಕಿಬೀಳುತ್ತಾನೆ, ಜಂಬ ಬಿಟ್ಟು ಕೇಳಿದರೆ ಅದೇ ನೆರೆಯವರು ಕೈಜೋಡಿಸುತ್ತಾರೆ.