ಕುಂಟಲಪದವಿನ ಹೆಗಲುಗಲ್ಲು

ಮೂರು ಹೆಗಲಿಗೆ ಬದಲಾಗಿ ಒಂದು ಕೆಂಪು ಮೇಲಂಗಿ. ಕುಂಟಲಪದವಿನ ಇಗರ್ಜಿಗೆ ಹತ್ತುವ ದಾರಿಯಲ್ಲಿ, ಏರು ಕಡಿದಾಗುವ ತಿರುವಿನ ಕಲ್ಲಿನ ಬಳಿ ಕುದುರಿದ ವ್ಯಾಪಾರ ಇಷ್ಟೇ. ಸೊಂಟದೆತ್ತರದ ಆ ಕಲ್ಲು ಇಂದಿಗೂ ಸುಣ್ಣ ಬಳಿಸಿಕೊಂಡು ನಿಂತಿದೆ. ಹೆಣ ಹೊತ್ತವರು, ಎಷ್ಟೇ ದೊಡ್ಡ ಮನೆಯವರಿರಲಿ, ಶವಪೆಟ್ಟಿಗೆಯನ್ನು ಇಲ್ಲಿ ಇಳಿಸಿ, ಸುಣ್ಣ ಹತ್ತುವಂತೆ ಕಲ್ಲಿಗೆ ಹೆಗಲು ಉಜ್ಜಿಕೊಂಡೇ ಮುಂದೆ ಹೋಗಬೇಕು. ಇದನ್ನು ಹೆಗಲುಗಲ್ಲು ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಿನಲ್ಲಿ ಸಾಲ್ವದೋರ್ ಪರ್ಬು ಎಂಬ ಅಕ್ಕಿ ವ್ಯಾಪಾರಿ ಇದ್ದನಂತೆ. ಸತ್ತವರನ್ನು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೊರುವುದು ಕ್ರೈಸ್ತನಿಗೆ ಪುಣ್ಯದ ಕೆಲಸ. ಅದಕ್ಕೆಂದೇ ಕೆಂಪು ರೇಷ್ಮೆಯ ಮೇಲಂಗಿ ತೊಡುವ ಸಂಘವೊಂದಿತ್ತು. ಅದರ ಯಜಮಾನ ಪರ್ಬು. ಸದಸ್ಯರೆಲ್ಲ ಅವನೇ ಆರಿಸಿದವರು: ಅವನ ಜೊತೆ ಉಣ್ಣುವ, ಅವನ ಮಾತಿಗೆ ತಲೆದೂಗುವ ಆಸ್ತಿವಂತರು. ಹೊಳೆದಂಡೆಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದ ಪೇದ್ರು ಒಮ್ಮೆ ಬಂದು, ತಾನೂ ಹೆಗಲು ಕೊಡುತ್ತೇನೆಂದು ಕೇಳಿಕೊಂಡ. ಮೇಲಂಗಿಗೆ ಬಿಳಿ ಹತ್ತುತ್ತದೆ, ಆಗದು ಎಂದ ಪರ್ಬು.

"ಯೇಸುಸ್ವಾಮಿ ಜೊತೆಗಿಟ್ಟುಕೊಂಡದ್ದು ಬಲೆ ಎಳೆಯುವವರನ್ನಲ್ಲವೇ, ಧಣಿಗಳೇ?" ಎಂದ ಪೇದ್ರು.

"ಹೌದು. ಅವರು ಮೈ ತೊಳೆದುಕೊಂಡು ಬರುತ್ತಿದ್ದರು," ಎಂದ ಪರ್ಬು. ಕೂತವರೆಲ್ಲ ನಕ್ಕರು.

ಆ ಮಳೆಗಾಲ ವಾಂತಿಭೇದಿ ಬಂತು. ಪಾದ್ರಿಗಳು ಮೊದಲ ವಾರವೇ ತೀರಿಕೊಂಡರು. ಆಮೇಲೆ ಪರ್ಬುವಿನ ಒಬ್ಬಳೇ ಮಗಳು ಮೊನಿಕಾ. ಅವನು ಮೇಲಂಗಿ ತೊಟ್ಟು ಸಂಘದವರ ಬಾಗಿಲು ತಟ್ಟುತ್ತ ಹೋದ. ಯಾರೂ ಚಿಲಕ ತೆಗೆಯಲಿಲ್ಲ. ಒಬ್ಬ ಮಾತ್ರ ಒಳಗಿಂದಲೇ, ಜಪ ಹೇಳುತ್ತೇನೆ ಎಂದನಂತೆ. ಕೊನೆಗೆ ತಾನೇ ಚಟ್ಟವನ್ನು ಎಳೆದುಕೊಂಡು ಈ ಕಲ್ಲಿನವರೆಗೆ ಬಂದ. ಅಲ್ಲಿಂದಾಚೆ ಏರು ಹತ್ತಲಾಗಲಿಲ್ಲ. ಕತ್ತಲಾದರೆ ನರಿಗಳು ಬರುತ್ತವೆ. ಮಗಳು ಪವಿತ್ರ ಮಣ್ಣು ಸೇರುವುದಿಲ್ಲ. ಆ ಹೊತ್ತಿಗೆ ಪೇದ್ರು ಮತ್ತು ಅವನ ಇಬ್ಬರು ತಮ್ಮಂದಿರು ತಮ್ಮ ಮನೆಯವನೊಬ್ಬನನ್ನು ಹೂತು ಇಳಿದು ಬಂದರು, ಮೈಯೆಲ್ಲ ಗುಂಡಿಗೆ ಸುರಿದ ಸುಣ್ಣ. ಪರ್ಬು ಕೇಳಿದಷ್ಟು ಬೆಳ್ಳಿ ಕೊಡುತ್ತೇನೆಂದ. ಪೇದ್ರು ಚಟ್ಟದ ಒಂದು ತುದಿ ಎತ್ತಿ ತೂಕ ನೋಡಿದ.

"ನಾವು ಮೂವರೇ ಉಳಿದದ್ದು. ನಾಲ್ಕನೆಯ ಹೆಗಲು ನಿಮ್ಮದೇ ಆಗಬೇಕು. ರೇಷ್ಮೆ ಜಾರುತ್ತದೆ ಧಣಿಗಳೇ, ತೆಗೆದುಬಿಡಿ."

ಪರ್ಬು ಅದನ್ನು ತೆಗೆದು ಮಗಳಿಗೆ ಹೊದಿಸಿದ. ಬರಿಮೈ ಮಳೆಗೆ ಜಾರದಿರಲೆಂದು ಪೇದ್ರು ಅವನ ಹೆಗಲಿಗೆ ಸುಣ್ಣ ಉಜ್ಜಿದ. ಚರ್ಮ ಚುರುಗುಟ್ಟಿತು. ನಾಲ್ವರೂ ಹತ್ತಿದರು.

ಅಲ್ಲಿಂದ ಮುಂದೆ ಊರಿನ ಹೆಣಗಳನ್ನೆಲ್ಲ ಆ ನಾಲ್ವರೇ ಹೊತ್ತರು ಎನ್ನುತ್ತಾರೆ. ಬಾಗಿಲು ತೆರೆಯದವರ ಮನೆಯ ಹೆಣಗಳನ್ನೂ. ಪರ್ಬು ಕೇಳಿ ಪಡೆದದ್ದು ಚಟ್ಟದ ಹಿಂದಿನ ತುದಿ. ಏರಿನಲ್ಲಿ ಭಾರವೆಲ್ಲ ಬೀಳುವುದು ಅಲ್ಲಿಗೇ. ಪೇದ್ರುವಿನ ತಮ್ಮಂದಿರಿಬ್ಬರೂ ತೀರಿಕೊಂಡರು. ಪೇದ್ರುವೂ ಹೋದಾಗ ಪರ್ಬು ಅವನನ್ನು ಬೆನ್ನ ಮೇಲೆ ಹೊತ್ತು, ಗುಂಡಿಗೆ ಬೇಕಾದ ಸುಣ್ಣದ ಬುಟ್ಟಿಯನ್ನು ಕೈಯಲ್ಲಿ ಹಿಡಿದು ಈ ಕಲ್ಲಿನವರೆಗೆ ಬಂದ. ರೋಗ ಅವನಿಗೂ ಹತ್ತಿತ್ತು. ಅಲ್ಲೇ ಕುಸಿದ. ಎರಡು ದಿನ ಬಿಟ್ಟು ಸಂಘದವರು ಬಂದು ನೋಡಿದರೆ, ಸುಣ್ಣ ಮಳೆಗೆ ಕರಗಿ ಇಬ್ಬರ ಮೇಲೂ ಹರಿದಿತ್ತು. ಯಜಮಾನ ಯಾರು, ಸುಣ್ಣದವನು ಯಾರು ಎಂದು ತಿಳಿಯಲಿಲ್ಲ. ಹತ್ತಿರ ಹೋಗಿ ನೋಡುವ ಧೈರ್ಯವೂ ಯಾರಿಗೂ ಇರಲಿಲ್ಲ. ಉದ್ದ ಬಿದಿರ ಗಳದಿಂದ ತಳ್ಳಿ, ಕಲ್ಲಿನ ಬುಡದಲ್ಲೇ ತೋಡಿದ ಒಂದೇ ಗುಂಡಿಗೆ ಹಾಕಿದರು.

ಇಂದು ಬಂದವರಿಗೆ ಕಾಣುವುದು ಬಿಳಿಯ ಕಲ್ಲು, ಅದರ ಬುಡದಲ್ಲಿ ಹೆಸರು ಕೆತ್ತದ ಒಂದು ಶಿಲುಬೆ. ಸಾಲ್ವದೋರ್ ಪರ್ಬು ಕೊಟ್ಟದ್ದು ಮೇಲಂಗಿ, ಯಜಮಾನಿಕೆ, ಕೊನೆಗೆ ಜೀವ. ಪಡೆದದ್ದು ಮಗಳಿಗೆ ಗುಡ್ಡದ ಮೇಲೆ ಆರಡಿ ಮಣ್ಣು. ತನಗೆ ಅರ್ಧ ಗುಂಡಿ, ಉಳಿದರ್ಧದಲ್ಲಿ ಪೇದ್ರು.